ಹೇಳಿಕೆ

ವಿಷ ಕುಡಿದಳೆಂದು ತಾಲ್ಲೂಕು ಆಸ್ಪತ್ರೆಗೆ ಸೇರಿಸಿದ್ದ ನೀಲವ್ವನ ಹೇಳಿಕೆ ಪಡೆಯಲು ಕಾನ್‌ಸ್ಟೇಬಲ್ ರೇಣುಕಾ ಬಂದಾಗ, ನೀಲವ್ವನ ಗಂಡ ಅವಳ ತುರುಬು ಹಿಡಿದು ತಲೆಯನ್ನು ಮಂಚದ ಸರಳಿಗೆ ಬಡಿಯುತ್ತಿದ್ದ.

"ಹುಚ್ಚಿ ಅದಾಳ್ರೀ ಇಕಿ! ವರ್ಷಾತು, ಗುಳಿಗಿ ತಗೋತಾಳ. ಸಾಯಾಕ ಹೋಗಿದ್ಲಂತ ಬರಕೊಂಡು ಜೈಲಿಗೆ ಹಾಕ್ರಿ!"

ರೇಣುಕಾಳ ಮೈ ಉರಿದುಹೋಯಿತು. ಅವನ ಕೈ ತಿರುಚಿ ಗೋಡೆಗೆ ಒತ್ತಿ ಹಿಡಿದಳು.

"ನೀಲವ್ವ, ಹೆದರಬ್ಯಾಡ. ಮನಸ್ಸಿಗೆ ತ್ರಾಸಾಗಿ ಸಾಯಾಕ ಹೋದೋರಿಗೆ ಈಗ ಕಾನೂನಿನಾಗ ಶಿಕ್ಷಾ ಇಲ್ಲ. ನಿನ್ನ ಮ್ಯಾಲ ಕೇಸಿಲ್ಲ."

"ಹಂಗಾರ ಮುಗೀತಲ್ರಿ," ಗಂಡ ನಕ್ಕ. "ಮನೀಗೆ ಕರಕೊಂಡು ಹೊಕ್ಕೀನಿ."

"ಅದನ್ನ ಆಕಿ ಹೇಳ್ಲಿ."

ಸುಟ್ಟ ತುಟಿಗಳನ್ನು ನೀಲವ್ವ ಕಷ್ಟಪಟ್ಟು ಬಿಡಿಸಿದಳು.

"ಅಕ್ಕಾರ, ನಾ ಕುಡೀಲಿಲ್ರೀ. ಇಂವಾ ಎದಿ ಮ್ಯಾಲೆ ಕುಂತು ಬಾಯಾಗ ಸುರುವಿದ."