ಬರ್ತೀನಿ ಅಂದವಳು

"ದ್ವೀಪಕ್ಕೆ ಬರ್ತೀನಿ ಅಂತ ಯಾಕಮ್ಮಾ ಮಾತು ಕೊಟ್ಟೆ?" ಎಂದು ಟೀಮ್ ಲೀಡರ್ ಉಮಾಶಂಕರ್ ಕೇಳಿದಾಗ ಅಕ್ಷತಳಿಗೆ ತಲೆಬುಡ ಅರ್ಥವಾಗಲಿಲ್ಲ. ಕುಂದಾಣದಿಂದ ದೇವನಹಳ್ಳಿಗೆ ದಿನಾ ಬಸ್ಸಿನಲ್ಲಿ ಓಡಾಡಿಯೇ ಅವಳ ಸೊಂಟ ಬಿದ್ದುಹೋಗುತ್ತಿತ್ತು. ಇನ್ನು ದ್ವೀಪಕ್ಕೆ ಎಲ್ಲಿ ಹೋಗುವುದು!

ಅವಳಿದ್ದದ್ದು ದ್ವೀಪಗಳಿಗೆ ಮಾತ್ರ ಫೋನು, ಇಂಟರ್ನೆಟ್ಟು ಒದಗಿಸುವ ಒಂದು ಸಣ್ಣ ಕಂಪನಿಯ ಕಸ್ಟಮರ್ ಕೇರಿನಲ್ಲಿ. ಗಿರಾಕಿಗಳೆಲ್ಲ ನಡುಸಮುದ್ರದಲ್ಲಿ, ಅವರ ಗೋಳು ಕೇಳುವವರು ದೇವನಹಳ್ಳಿಯಲ್ಲಿ. ಇಲ್ಲಿದ್ದ ಅರ್ಧಕ್ಕರ್ಧ ಮಂದಿ ಸಮುದ್ರ ಕಂಡದ್ದೇ ಟಿವಿಯಲ್ಲಿ. ಆದರೂ ಧೈರ್ಯಕ್ಕೇನೂ ಕಮ್ಮಿಯಿಲ್ಲ, "ಅಲೆ ಜೋರಾಗಿದೆಯಾ ಸಾರ್?" ಎಂದೇ ಮಾತಿಗಿಳಿಯುತ್ತಿದ್ದರು.

ಉಮಾಶಂಕರ್ ರೆಕಾರ್ಡಿಂಗ್ ಹಾಕಿದ. ದ್ವೀಪವೊಂದರ ಮಾರ್ಥಾ ನಾನಿಯ, ಅಂದರೆ ಮಾರ್ಥಾ ಅಜ್ಜಿಯ, ಕರೆ. ಕೈಕೊಟ್ಟಿದ್ದ ಸಿಗ್ನಲ್ ಸರಿಹೋದ ಖುಷಿಗೆ ಮುದುಕಿ, ನಮ್ಮನೆಗೊಂದು ಸಲ ಬಾ, ಮೀನು ಹುರಿದು ಹಾಕ್ತೀನಿ ಎಂದು ಹಿಂದಿಯಲ್ಲಿ ಕರೆಯುತ್ತಾಳೆ. ಅಕ್ಷತ ನಗುತ್ತಾಳೆ. ಆಮೇಲೆ ಫೋನಿಡುವ ಮುಂಚೆ ಸಕ್ಕರೆಯಂಥ ದನಿಯಲ್ಲಿ, "ಅಚ್ಛಾ ನಾನೀ, ಆತೀ ಹೂಂ."

"ಅಯ್ಯೋ ಸಾರ್! ಹೊರಡೋವಾಗ ನಾವು 'ಬರ್ತೀನಿ' ಅನ್ನಲ್ವಾ? ಅದೇ ಹಿಂದೀಲಿ ಬಂದ್ಬಿಟ್ಟಿದೆ. ಅವರ ಹತ್ರ ಮಾತಾಡಿದ್ರೆ ಯಾರದೋ ಮನೇಗೆ ಹೋಗಿ ಕೂತಂಗಿತ್ತು."

"ನನಗರ್ಥ ಆಗತ್ತೆ ಕಣಮ್ಮ, ಆಯಮ್ಮಂಗೆ ಆಗ್ಬೇಕಲ್ಲ! ದೋಣಿ ಬಂದಾಗೆಲ್ಲ ದಡಕ್ಕೆ ಹೋಗಿ ನಿಂತ್ಕೊಂಡಿದ್ದಾರೆ. ಈಗ ಸುಳ್ಳು ಭರವಸೆ ಅಂತ ದೂರು ಕೊಟ್ಟಿದ್ದಾರೆ. ವಾಪಸ್ ತಗೊಳ್ಳಿಲ್ಲ ಅಂದ್ರೆ ನಿನ್ನ ಕೆಲಸ ಖಾಯಂ ಆಗಲ್ಲ."

ಅಕ್ಷತಳಿಗೆ ಮುದುಕಿಯನ್ನು ನೆನೆದು ಪಾಪ ಅನ್ನಿಸಿತು, ತನ್ನನ್ನು ನೆನೆದು ಇನ್ನೂ ಜಾಸ್ತಿ ಅನ್ನಿಸಿತು. ಕೆಲಸ ಖಾಯಂ ಆಗುವ ತನಕ ಗಂಡಿನ ಸುದ್ದಿ ಎತ್ತಕೂಡದು ಎಂದು ಮನೆಯಲ್ಲಿ ಹಟ ಹಿಡಿದು ಕೂತಿದ್ದಳು. ಕೆಲಸ ಹೋಯಿತೆಂದರೆ ಅಮ್ಮ ನರಸಮ್ಮ ಜಾತಕ ಹಿಡಿದು ಹೊರಟೇಬಿಡುತ್ತಾಳೆ. ಕೂಡಲೇ ನಾನಿಯ ನಂಬರ್ ಒತ್ತಿದಳು. ಉಮಾಶಂಕರನೂ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲೇ ಕೂತ.

"ಯಾರು, ಬರ್ತೀನಿ ಅಂದವಳಾ?" ನಾನಿ ಹಿಂದಿಯಲ್ಲೇ ಗದರಿದಳು. "ಹುರಿದ ಮೀನೆಲ್ಲ ಬೆಕ್ಕಿನ ಪಾಲಾಯ್ತು!"

"ನಾನೀ, ತಪ್ಪು ತಿಳೀಬೇಡಿ. ನಮ್ಮ ಕಡೆ ಹೊರಡೋವಾಗ 'ಹೋಗ್ತೀನಿ' ಅನ್ನಬಾರದು, ಅಪಶಕುನ. ಅದಕ್ಕೇ 'ಬರ್ತೀನಿ' ಅಂತೀವಿ."

"ಹೋಗೋವಾಗ?"

"ಹ್ಞೂಂ."

"ಬರ್ತೀನಿ ಅಂತೀರಾ?"

"ಹ್ಞೂಂ ನಾನೀ."

ಆ ಕಡೆ ನಗು ಶುರುವಾಯಿತು. ಮುದುಕಿ ಪಕ್ಕದಲ್ಲಿದ್ದವರಿಗೂ ಹೇಳಿದಳೆಂದು ಕಾಣುತ್ತದೆ, ಅವರೂ ಬಿದ್ದು ಬಿದ್ದು ನಕ್ಕರು. ನಕ್ಕು ಕೆಮ್ಮಿ ಸುಧಾರಿಸಿಕೊಂಡ ಮೇಲೆ ನಾನಿ, "ಹೋಗಲಿ ಬಿಡು, ದೂರು ವಾಪಸ್ ತಗೊಂಡೆ ಅಂತ ಬರ್ಕೋ" ಎಂದಳು. ಉಮಾಶಂಕರ್ ಹೆಬ್ಬೆರಳೆತ್ತಿದ. ಅಕ್ಷತಳಿಗೆ ಹೋದ ಜೀವ ಬಂದಂತಾಯಿತು. ಥ್ಯಾಂಕ್ಸ್ ಹೇಳಿ ಇನ್ನೇನು ಫೋನಿಡಬೇಕು, ನಾನಿ ತಡೆದಳು.

"ಒಂದು ಹೇಳು ಮಗಳೇ. ನಿಮ್ಮೂರಲ್ಲಿ ನಿಜವಾಗ್ಲೂ ಬರೋರು ಏನಂತ ಹೇಳಿ ಹೋಗ್ತಾರೆ?"