ಮನೆಗೆ ಕರಿ ಕುರಿ ಯಾರು?

ಚಳ್ಳಕೆರೆಯ ಒಂದು ಕಾಲೇಜು... ಪಿಯುಸಿ ಇಂಗ್ಲಿಷ್ ಕ್ಲಾಸ್.

ತಿಪ್ಪೇರುದ್ರಪ್ಪ ಸರ್ ಅವತ್ತು ಇಂಗ್ಲಿಷ್ ನುಡಿಗಟ್ಟುಗಳನ್ನು ಹೇಳಿಕೊಡುತ್ತಿದ್ದರು. ಎಲ್ಲವೂ ಪ್ರಾಣಿಗಳದೇ!

ಕ್ರೊಕೊಡೈಲ್ ಟಿಯರ್ಸ್ ಅಂದರೆ ಮೊಸಳೆ ಕಣ್ಣೀರು... ಲಯನ್ಸ್ ಶೇರ್ ಅಂದರೆ ಸಿಂಹಪಾಲು...

"ಇವು ನಮ್ಮಲ್ಲೂ ಇದಾವಲ್ಲ ಸರ್!" ಎಂದು ಮಕ್ಕಳಿಗೆ ಖುಷಿಯೋ ಖುಷಿ.

ಆಮೇಲೆ ಸರ್ ಬೋರ್ಡ್ ಮೇಲೆ 'ಬ್ಲ್ಯಾಕ್ ಶೀಪ್' ಎಂದು ಬರೆದು, ತಮಾಷೆಗೆ ಕೇಳಿದರು. "ನಿಮ್ಮಲ್ಲಿ ಯಾರಪ್ಪಾ ಮನೆಗೆ ಬ್ಲ್ಯಾಕ್ ಶೀಪ್?"

ಬೀರಮ್ಮ ಥಟ್ಟನೆ ಕೈ ಎತ್ತಿದಳು... ಕುರಿ ಕಾಯುವವರ ಮನೆಯ ಹುಡುಗಿ, ಕರಿ ಕುರಿ ಅವಳಿಗೆ ಗೊತ್ತಿಲ್ಲವೇ?

ಗೈಡ್‌ನಲ್ಲಿ ಅರ್ಥ ಓದಿ ಬಂದಿದ್ದವರೆಲ್ಲ ಗೊಳ್ಳೆಂದು ನಕ್ಕರು.

"ಬ್ಲ್ಯಾಕ್ ಶೀಪ್ ಅಂದ್ರೆ ಮನೆತನಕ್ಕೆ ಕೆಟ್ಟ ಹೆಸರು ತರೋರು ಕಣಮ್ಮ... ಕೂತ್ಕೋ" ಎಂದರು ಸರ್.

ಬೀರಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜಿ ತನ್ನನ್ನು ಬಾಯಿ ತುಂಬ ಕರೆದಿದ್ದ ಹೆಸರದು... ಈಗ ಸುಮ್ಮನೆ ಕೂತರೆ ಅದು ಬೈಗುಳವೇ ಆಗಿಬಿಡುತ್ತದೆ.

ಅವಳು ಕೂರಲಿಲ್ಲ.

"ಸರ್, ನಮ್ಮಲ್ಲಿ ಹಂಗಲ್ಲ... ಬಿಳಿ ಉಣ್ಣೆಗೆ ಬಣ್ಣ ಹಾಕ್ಬೇಕು. ಕರಿ ಕುರಿ ಉಣ್ಣೆಗೆ ಬಣ್ಣಾನೇ ಬ್ಯಾಡ. ಎಷ್ಟ್ ಒಗೆದ್ರೂ ಮಾಸಾಕಿಲ್ಲ. ದೇವ್ರ ಗದ್ದುಗೆಗೆ ಹಾಸೋದೂ ಕರಿ ಕಂಬಳೀನೇ."

ನಕ್ಕವರ ಕಡೆ ಒಮ್ಮೆ ತಿರುಗಿ ನೋಡಿದಳು. ಮಾತು ಮುಂದುವರಿಸಿದಳು...

"ನಮ್ಮನೇಲಿ ಕಾಲೇಜು ಮೆಟ್ಲು ಹತ್ತಿದ್ದು ನಾನೇ ಮೊದ್ಲು ಸರ್. ಹೆಣ್ಣುಡುಗಿ ಓದಿ ಏನ್ ಕಡಿದು ಕಟ್ಟೆ ಹಾಕ್ತಾಳೆ ಅಂತ ದೊಡ್ಡಪ್ಪ ಕೂಗಾಡಿದ್ರು. ಆಗ ನಮ್ಮಜ್ಜಿ ಎಲ್ರ ಮುಂದೆ ಎದ್ದು ನಿಂತು ಅಂದ್ಲು... 'ಇವ್ಳು ನಮ್ ಹಿಂಡಿನ ಕರಿ ಮರಿ ಕಣ್ರೋ. ಬ್ಯಾರೆಯೋರ ಬಣ್ಣ ಇವ್ಳಿಗ್ಯಾಕೆ?' ಅಂತ. ಅದಕ್ಕೇ ಕೈ ಎತ್ತಿದೆ ಸರ್."

ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬೋರ್ಡ್ ಕಡೆ ತಿರುಗಿ ಮೊದಲು 'ಮನೆತನಕ್ಕೆ ಕಳಂಕ' ಎಂದು ಬರೆದರು.

ಅದರ ಕೆಳಗೆ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆದರು...

'ಚಳ್ಳಕೆರೆಯಲ್ಲಿ: ಮನೆತನದ ಹೆಮ್ಮೆ.'

"ಪರೀಕ್ಷೆಗೆ ಮೇಲಿನದು ಬರೀರಿ, ಮಾರ್ಕ್ಸ್ ಬೇಕಲ್ಲ... ಬದುಕಿಗೆ ಕೆಳಗಿನದು ಇಟ್ಕೊಳ್ರಿ" ಎಂದರು.

ನಕ್ಕವರೆಲ್ಲ ತಲೆ ತಗ್ಗಿಸಿ ಎರಡನ್ನೂ ಬರೆದುಕೊಂಡರು. ಬೀರಮ್ಮ ಆಗ ಕೂತಳು... ತಲೆ ಎತ್ತಿಕೊಂಡೇ!

🌿 ಊರೆಲ್ಲ ನಕ್ಕರೂ, ನಮ್ಮವರು ಹರಸಿ ಕೊಟ್ಟ ಹೆಸರು ಸಣ್ಣದಾಗುವುದಿಲ್ಲ.

ನಿಮ್ಮವರು ನಿಮ್ಮನ್ನು ಹೆಮ್ಮೆಯಿಂದ ಏನೆಂದು ಕರೆಯುತ್ತಿದ್ದರು... ನೆನಪಿದೆಯಾ?