ನೆರಿಗೆ ಹಿಡಿಯುವವರು

ಒಂದು ವರ್ಷದಲ್ಲಿ ವಾರಿಜ ಗ್ಯಾಸ್ ಸಿಲಿಂಡರ್ ಬದಲಿಸುವುದು, ಫ್ಯೂಸ್ ಹಾಕುವುದು, ಬ್ಯಾಂಕಿನವರನ್ನು ದಬಾಯಿಸುವುದು, ಎಲ್ಲ ಕಲಿತಿದ್ದಳು. ಗಂಜಿ ಹಾಕಿದ ಹತ್ತಿ ಸೀರೆಯ ನೆರಿಗೆ ಮಾತ್ರ ಅವಳ ಮಾತು ಕೇಳಲಿಲ್ಲ. ಮೇಲೆ ಹಿಡಿದರೆ ಕೆಳಗೆ ಬಿಚ್ಚಿಕೊಳ್ಳುತ್ತಿತ್ತು. ಕೊನೆಗೆ ಗಂಡನಿಗೆ ಫೋನ್ ಮಾಡಿದಳು.

ಅವನು ಬಂದು, ಚಪ್ಪಲಿ ಬಿಟ್ಟು, ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ನೆರಿಗೆಯನ್ನು ಎಳೆದು ಕೂರಿಸಿದ.

“ಎಲ್ಲಾ ನಾನೇ ಮಾಡ್ಕೋತೀನಿ. ಇದೊಂದು ಆಗಲ್ಲ ನೋಡಿ,” ಎಂದಳು.

“ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಬಿಡು. ತಿರುಗು, ಹಿಂದೆ ಸ್ವಲ್ಪ ಮೇಲೆ ಹೋಗಿದೆ.”

ತಿರುಗಿದಳು. ಅವನು ಅಂಚು ಸರಿಮಾಡಿ ಎದ್ದ.

“ಹೇಗೂ ಬಂದಿದ್ದೀರಲ್ಲ, ಒಂದೇ ಆಟೋದಲ್ಲಿ ಹೋಗೋಣ್ವಾ?”

“ಬೇಡ. ಇಬ್ಬರೂ ಒಟ್ಟಿಗೆ ಇಳಿಯೋದು ಕಂಡ್ರೆ ಜಡ್ಜು ಡೈವೋರ್ಸ್ ಕೊಡಲ್ಲ.”